ಆಗುಂಬೆಯಲ್ಲಿ ಮೂರು ಹಗಲು, ಒಂದು ರಾತ್ರಿ

ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಮನೆ. ಅದರ ಅಡುಗೆಮನೆಯ ಗೋಡೆಗೆ ಎಲ್ಲರ ಮನೆಯಲ್ಲಿರುವಂತೆ ಒಂದು ಕ್ಯಾಲೆಂಡರ್ ನೇತುಹಾಕಿದೆ. ತಾರೀಕಿನ ಚೌಕಗಳಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಹಚ್ಚಿದ ದಿನ, ಕೆಲಸದಾಕೆ ಬಾರದ ದಿನ ಎಲ್ಲವೂ ಇವೆ. ಅವುಗಳ ಜೊತೆಗೆ ಬೇರೆ ಮನೆಗಳಲ್ಲಿ ಅಷ್ಟಾಗಿ ಕಾಣದ ಬರಹವೂ ಇದೆ. ‘ಹರಿಹರ, ಗೆಳತಿ ಮನೆ, ಸಂಜೆ 5.’ ‘ಚಿತ್ರದುರ್ಗದ ಕೋಟೆ, ರಾತ್ರಿ 8.’ ಹೋದವರು ಮನೆಗೆ ಬಂದ ಕೂಡಲೇ ಆ ಸಾಲಿನ ಮೇಲೆ ಅಡ್ಡಗೆರೆ ಎಳೆಯಬೇಕು. ಎಳೆಯುವ ಹಕ್ಕು ಮನೆಯ ಅಜ್ಜಿಯದು. ಎಂಬತ್ತು ದಾಟಿದ ಆಕೆ ಈಗಲೂ ಆ ಹಕ್ಕನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಮನೆಗೆ ಬಂದವರು ಇದನ್ನು ಕಂಡು ನಗುವುದುಂಟು. ಜೇಬಿನಲ್ಲಿ ಮೊಬೈಲ್ ಇರುವಾಗ ಗೋಡೆಯ ಮೇಲೆ ಬರೆಯುವುದೇಕೆ ಎಂದು ಕೇಳುವುದುಂಟು. ಉತ್ತರ 1993ರ ದಸರಾ ರಜೆಯಲ್ಲಿದೆ.

ಮಾಲ್ಗುಡಿಯ ಆಸೆ

ಆ ಮನೆಯಲ್ಲಿ ಆಗ ಇಬ್ಬರು ಗಂಡುಮಕ್ಕಳು. ದೊಡ್ಡವನು ಎರಡನೇ ಪಿಯುಸಿ, ಚಿಕ್ಕವನು ಎಸ್ಸೆಸ್ಸೆಲ್ಸಿ. ತಂದೆ ಹತ್ತಿ ಮಂಡಿಯೊಂದರಲ್ಲಿ ಗುಮಾಸ್ತರು. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಕಾಲ ಅದು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಹುಡುಗರ ತಲೆಯಲ್ಲಿ ಆಗುಂಬೆ ಹೊಕ್ಕದ್ದು ಪಾಠದ ಪುಸ್ತಕದಿಂದಲ್ಲ, ದೂರದರ್ಶನದಿಂದ. ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಬಡಾವಣೆಯ ಅರ್ಧ ಮಕ್ಕಳು ಒಂದೇ ಮನೆಯ ಟಿ.ವಿ. ಮುಂದೆ ಕುಳಿತು ನೋಡಿದ್ದರು. ಸ್ವಾಮಿ ಓಡಾಡಿದ ಆ ಬೀದಿ, ಆ ಹೆಂಚಿನ ಮನೆ ನಿಜವಾಗಿಯೂ ಇದೆ, ಅದು ಆಗುಂಬೆಯಲ್ಲಿದೆ ಎಂದು ತಿಳಿದ ದಿನದಿಂದ ಅಣ್ಣ ತಮ್ಮಂದಿರಿಗೆ ಬೇರೆ ಊರು ರುಚಿಸಲಿಲ್ಲ. ಅಷ್ಟರಲ್ಲಿ 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ದಾವಣಗೆರೆಯ ಸಮೀಪದ ಆನಗೋಡಿನ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗಿನ್ನೂ ಮಾಧ್ಯಮಿಕ ಶಾಲೆಯಲ್ಲಿದ್ದ ಚಿಕ್ಕವನು ಅಣ್ಣನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕುಳಿತು ಆ ಜಾಗವನ್ನು ನೋಡಿ ಬಂದಿದ್ದ. ಅಲ್ಲಿ ನೋಡಲು ಏನೂ ಇರಲಿಲ್ಲ. ಹೆದ್ದಾರಿ, ಲಾರಿಗಳು, ರಸ್ತೆ ಬದಿಯ ಧೂಳು. “ಆಗುಂಬೆಗಾದ್ರೂ ಹೋಗಬೇಕಲೇ” ಎಂದು ಅಣ್ಣ ಹೇಳಿದ್ದು ಅಲ್ಲಿಯೇ.

ಮೂರು ವರ್ಷಗಳ ನಂತರ ದಾರಿ ತೆರೆಯಿತು. ಅಣ್ಣನ ಗೆಳೆಯನೊಬ್ಬನ ಸೋದರತ್ತೆಯನ್ನು ಆಗುಂಬೆಗೆ ಕೊಟ್ಟಿದ್ದರು. ಇಳಿದುಕೊಳ್ಳಲು ಮನೆ ಸಿಕ್ಕಿತು. ಎನ್‌ಸಿಸಿಯಲ್ಲಿದ್ದ ಸಹಪಾಠಿಯಿಂದ ಎರಡು ಬೆನ್ನುಚೀಲ ಎರವಲು ಬಂದವು. ಚಿಕ್ಕವನಿಗೆ ಅವನ ಶಾಲೆಯ ಚೀಲವೇ ಗತಿ. ತಾಯಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಚೀಲ ಮಂಡಕ್ಕಿ ಕಟ್ಟಿದರು. ತಂದೆ ನೂರೈವತ್ತು ರೂಪಾಯಿ ಕೊಟ್ಟು, ಅದರ ಜೊತೆಗೆ ಎರಡು ಷರತ್ತನ್ನೂ ಕೊಟ್ಟರು: ಕಾಡಿನೊಳಗೆ ಕಾಲಿಡಬಾರದು, ಜಲಪಾತದ ಹತ್ತಿರ ಸುಳಿಯಬಾರದು. ಅದರ ಹಿಂದಿನ ಬೇಸಿಗೆಯಲ್ಲಿ ಪರಿಚಯದವರ ಮಗನೊಬ್ಬ ಭದ್ರಾ ನಾಲೆಯಲ್ಲಿ ಈಜಲು ಹೋಗಿ ಹಿಂತಿರುಗಿರಲಿಲ್ಲ. ಆ ಹೆದರಿಕೆ ತಂದೆಯ ಮಾತಿನಲ್ಲಿ ಕೋಪದ ರೂಪದಲ್ಲಿ ಬಂತು. “ಕೇಳಿದ್ರಿಲ್ಲೋ?” ಎಂದರು. ಮೂವರೂ “ಹೂಂ” ಎಂದರು. ಯಾರ ಮನಸ್ಸಿನಲ್ಲೂ ಆ ‘ಹೂಂ’ ಇರಲಿಲ್ಲ.

ಎರಡು ಊರು, ಒಂದೇ ಎತ್ತರ

ದಾವಣಗೆರೆಯಿಂದ ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆಗೆ ಸುಮಾರು 180 ಕಿಲೋಮೀಟರ್. ಬಸ್ಸು ಬದಲಿಸುತ್ತ ಹೋದರೆ ಒಂದು ಹಗಲಿನ ಪಯಣ. ಆದರೆ ಮಳೆಯ ಲೆಕ್ಕದಲ್ಲಿ ಎರಡೂ ಊರುಗಳು ಬೇರೆ ಬೇರೆ ದೇಶದಲ್ಲಿವೆಯೇನೋ ಅನ್ನಿಸುತ್ತದೆ. ದಾವಣಗೆರೆಯಲ್ಲಿ ವರ್ಷಕ್ಕೆ ಬೀಳುವುದು 650 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ ಸರಾಸರಿ 7,600 ಮಿಲಿಮೀಟರಿಗೂ ಹೆಚ್ಚು, ಅಂದರೆ ಹನ್ನೊಂದು ಹನ್ನೆರಡು ಪಟ್ಟು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ 4,508 ಮಿಲಿಮೀಟರ್ ಮಳೆ ದಾಖಲಾಗಿದೆ. ದಾವಣಗೆರೆಗೆ ಏಳು ವರ್ಷಕ್ಕೆ ಸಾಕಾಗುವ ಮಳೆ ಅಲ್ಲಿ ಮೂವತ್ತೊಂದು ದಿನಗಳಲ್ಲಿ ಸುರಿಯಿತು.

ಇದಕ್ಕೆ ಎತ್ತರ ಕಾರಣವೆಂದು ವಿದ್ಯಾರ್ಥಿಗಳು ಥಟ್ಟನೆ ಹೇಳುತ್ತಾರೆ. ನಿಜ ಹಾಗಲ್ಲ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದ್ದರೆ ಆಗುಂಬೆ ಸುಮಾರು 640 ಮೀಟರ್. ವ್ಯತ್ಯಾಸವಿರುವುದು ಊರು ಕುಳಿತ ಜಾಗದಲ್ಲಿ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿಗೆ ಆಗುಂಬೆಯ ಘಟ್ಟ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಗಾಳಿ ಬೇರೆ ದಾರಿಯಿಲ್ಲದೆ ಮೇಲೇರುತ್ತದೆ. ಏರಿದಂತೆ ತಣ್ಣಗಾಗಿ, ಹಿಡಿದಿಟ್ಟುಕೊಳ್ಳಲಾರದ ನೀರನ್ನು ಅಲ್ಲಿಯೇ ಸುರಿಸುತ್ತದೆ. ಹೊರೆ ಇಳಿಸಿ ಹಗುರಾದ ಗಾಳಿ ಬಯಲುಸೀಮೆಗೆ ಬರುವಾಗ ಅದರ ಬಳಿ ಕೊಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಆಗುಂಬೆಯ ನೆತ್ತಿ ನೀರನ್ನು ಹಂಚುವ ಜಾಗವೂ ಹೌದು. ಪೂರ್ವಕ್ಕೆ ಬಿದ್ದ ಮಳೆ ತುಂಗೆಯನ್ನು ಸೇರಿ, ಕೂಡ್ಲಿಯಲ್ಲಿ ಭದ್ರೆಯೊಡನೆ ಬೆರೆತು, ಹೊನ್ನಾಳಿ, ಹರಿಹರಗಳ ಮುಂದೆ ಹಾದು ಕೊನೆಗೆ ಬಂಗಾಳ ಕೊಲ್ಲಿ ತಲುಪುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಸೀತಾನದಿಯಾಗಿ ಘಟ್ಟದಿಂದ ಧುಮುಕಿ ಅರಬ್ಬೀ ಸಮುದ್ರಕ್ಕೆ ಓಡುತ್ತದೆ. ಬರ್ಕಣದಲ್ಲಿ ಅದು ಬೀಳುವ ಆಳ ಸುಮಾರು 260 ಮೀಟರ್. ಪಕ್ಕಪಕ್ಕದಲ್ಲಿ ಬಿದ್ದ ಎರಡು ಹನಿಗಳಲ್ಲಿ ಒಂದು ನಿಧಾನವಾಗಿ ಊರುಗಳ ನಡುವೆ ನಡೆದುಹೋಗುತ್ತದೆ, ಇನ್ನೊಂದು ಪ್ರಪಾತಕ್ಕೆ ಬೀಳುತ್ತದೆ. ಭೂಗೋಳದ ಈ ಪಾಠವನ್ನು ಆ ಮೂವರು ಹುಡುಗರು ಪುಸ್ತಕದಲ್ಲಿ ಓದಿದ್ದರು. ಅರ್ಥವಾಗಿರಲಿಲ್ಲ.

ಮೆತ್ತಗಾದ ರೊಟ್ಟಿ

ಮೊದಲ ದಿನ ಎಲ್ಲವೂ ಚೆನ್ನಾಗಿತ್ತು. ಧಾರಾವಾಹಿಯಲ್ಲಿ ಕಂಡ ದೊಡ್ಡಮನೆಯ ಮುಂದೆ ಮೂವರೂ ಬಹಳ ಹೊತ್ತು ನಿಂತರು. ಚಿಕ್ಕವನು ಸ್ವಾಮಿಯಂತೆ ಜಗಲಿಯ ಕಂಬ ಹಿಡಿದು ನೋಡಿದ. ಸಂಜೆ ಸೂರ್ಯಾಸ್ತ ನೋಡಲು ಘಾಟಿಯ ಅಂಚಿಗೆ ನಡೆದರು. ಅಲ್ಲಿ ಕಂಡದ್ದು ಸೂರ್ಯನಲ್ಲ, ಸಮುದ್ರವೂ ಅಲ್ಲ. ಒಲೆಯ ಮೇಲಿನ ಹಾಲು ಉಕ್ಕಿದಂತೆ ಕಣಿವೆಯಿಂದ ಮೇಲೇರಿ ಬಂದ ಮಂಜು. ಹತ್ತು ನಿಮಿಷದಲ್ಲಿ ಎದುರಿಗಿದ್ದವನ ಮುಖವೂ ಕಾಣದಾಯಿತು. ಕೈಹಿಡಿದುಕೊಂಡು ನಗುತ್ತ ಹಿಂತಿರುಗಿದರು.

ಮನೆಗೆ ಬಂದು ದೀಪದ ಬೆಳಕಿನಲ್ಲಿ ನೋಡಿದರೆ ಅಣ್ಣನ ಪ್ಯಾಂಟಿನ ಕೆಳಗೆಲ್ಲ ರಕ್ತ. ಅವನಿಗೆ ನೋವೇ ಇರಲಿಲ್ಲ. ಉಂಬಳ! ಮೂರು ಹಣ್ಣಾಗಿ ಉರುಳಿಬಿದ್ದಿದ್ದವು, ಎರಡು ಇನ್ನೂ ಕಚ್ಚಿಕೊಂಡಿದ್ದವು. ಗೆಳೆಯ ಗಾಬರಿಯಿಂದ ಎಳೆಯಲು ಹೋದ. ಅತ್ತೆ ತಡೆದು, ಉಗುರಿನ ಅಂಚನ್ನು ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಜಾರಿಸಿ ಬಿಡಿಸಿದರು. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿದೆ. ಆದ್ದರಿಂದಲೇ ಅದು ಬಿಟ್ಟ ಮೇಲೂ ರಕ್ತ ಬಹಳ ಹೊತ್ತು ಒಸರುತ್ತದೆ. ಅದಕ್ಕೆ ಹೆದರಬೇಕಿಲ್ಲ, ತೊಳೆದು, ಒತ್ತಿ ಹಿಡಿದು, ಕೆರೆಯದೆ ಬಿಟ್ಟರೆ ಸಾಕು. “ಬಯಲುಸೀಮೆ ರಕ್ತ ಸಿಹಿ ಅಂತ ಕಾಣ್ತದೆ, ಊರಿಗೆಲ್ಲ ಸುದ್ದಿ ಮುಟ್ಟಿಸಿ ಬಂದಾವೆ” ಎಂದು ಮಾವ ನಕ್ಕರು.

ಎರಡನೇ ದಿನ ತೀರ್ಥಹಳ್ಳಿ ಕಡೆಗೆ ಬಸ್ಸಿನಲ್ಲಿ ಹೋಗಿ ಕುಂದಾದ್ರಿ ಹತ್ತಿದರು. ಬಂಡೆಯ ನೆತ್ತಿಯ ಮೇಲೆ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಬಂಡೆಯ ಕೊಳ, ಸುತ್ತ ಕಣ್ಣು ಹಾಯಿಸಿದಷ್ಟೂ ಹಸಿರು. ಮಧ್ಯಾಹ್ನ ಒಂದೇ ಸಮನೆ ಮಳೆ ಬಂತು. ಎನ್‌ಸಿಸಿ ಚೀಲಗಳು ಗಟ್ಟಿ ಬಟ್ಟೆಯವೇ ಹೊರತು ನೀರು ತಡೆಯುವಂಥವಲ್ಲ. ಬದಲಿ ಬಟ್ಟೆ, ಟವೆಲ್ಲು, ಬೆಂಕಿಪೊಟ್ಟಣ, ತಂದೆ ಕೊಟ್ಟ ನೋಟುಗಳು, ಎಲ್ಲವೂ ತೊಯ್ದವು. ದಾವಣಗೆರೆಯಲ್ಲಿ ತಿಂಗಳಿಟ್ಟರೂ ಕಟಕಟ ಎನ್ನುವ ರೊಟ್ಟಿ ಮಳೆ ತಾಗದೆಯೂ, ಬರೀ ಗಾಳಿಯ ತೇವಕ್ಕೇ ಕರವಸ್ತ್ರದಂತೆ ಮಡಿಸಲು ಬರುವಂತಾಗಿತ್ತು. ಚಿಕ್ಕವನು ಮಂಡಕ್ಕಿ ಬಾಯಿಗೆ ಹಾಕಿ, “ಅಣ್ಣಾ, ಇದು ಮಂಡಕ್ಕಿ ಅಲ್ಲ, ಹತ್ತಿ” ಎಂದ.

ಬಯಲಿನಲ್ಲಿ ಕಲಿತದ್ದು ಇಲ್ಲಿ ನಡೆಯುವುದಿಲ್ಲ ಎಂದು ಕಾಡು ಎರಡು ದಿನ ನಗುನಗುತ್ತಲೇ ಹೇಳಿತ್ತು. ರೊಟ್ಟಿಯ ವಿಷಯದಲ್ಲಿ ಅದು ಹುಡುಗರಿಗೆ ತಿಳಿಯಿತು. ದಾರಿಯ ವಿಷಯದಲ್ಲಿ ತಿಳಿಯಲಿಲ್ಲ.

ಮೂರನೆಯ ದಿನ

ಆಗುಂಬೆಯ ವರೆಗೆ ಬಂದು ಒನಕೆ ಅಬ್ಬಿ ನೋಡದೆ ಹೋಗುವುದೆಂದರೆ ಹರಿಹರಕ್ಕೆ ಹೋಗಿ ಹರಿಹರೇಶ್ವರನನ್ನು ನೋಡದೆ ಬಂದಂತೆ ಎಂದು ಅಣ್ಣ ವಾದಿಸಿದ. ದಾವಣಗೆರೆಗೆ ಮರಳಿದ ಮೇಲೆ ಗೆಳೆಯರ ಮುಂದೆ ಏನು ಹೇಳುವುದು? ಮೂವರೂ ಒಪ್ಪಿದರು. ಕಾಡಿಗೆ ಹೋಗಲು ಯಾರ ಅನುಮತಿಯನ್ನಾದರೂ ಕೇಳಬೇಕೆಂಬುದು ಅವರಿಗೆ ಹೊಳೆಯಲಿಲ್ಲ.

ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು, “ಎಲ್ಲಿಗೆ ಹೊಂಟ್ರಿ ಮಕ್ಳೇ? ಎಷ್ಟು ಹೊತ್ತಿಗೆ ಬರ್ತೀರಿ?” ಎಂದು ಕೇಳಿದರು.

“ಘಾಟಿ ರಸ್ತೆ ನೋಡ್ಕಂಡು, ಅಲ್ಲೇ ಸೂರ್ಯಾಸ್ತದ ಹತ್ರ ಕೂತ್ಕಂಡು ಬರ್ತೀವಿ ಅತ್ತೆ. ಸಂಜೆ ಆಗ್ತೈತಿ” ಎಂದ ಅಣ್ಣ. ನಿಜ ಹೇಳಿದರೆ ದಾವಣಗೆರೆಗೆ ಸುದ್ದಿ ಮುಟ್ಟುತ್ತದೆಂಬ ಭಯ. ಚಿಕ್ಕವನು ತಲೆ ತಗ್ಗಿಸಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬನ್ನು ಕಟ್ಟಿಸಿಕೊಂಡು, ಅಲ್ಲಿಯೇ ದಾರಿ ಕೇಳಿ ಕಾಡು ಹೊಕ್ಕರು. ಹೊರಗೆ ಬಿಸಿಲಿದ್ದರೂ ಒಳಗೆ ಮುಸ್ಸಂಜೆ. ಒಂದರ ಮೇಲೊಂದು ಕೊಡೆ ಬಿಚ್ಚಿದಂತೆ ಮರಗಳು. ಕಾಲಡಿ ಎಲೆಯ ಹಾಸು. ಸ್ವಲ್ಪ ದೂರದಲ್ಲಿ ಒಂದು ತೊರೆ ಅಡ್ಡ ಬಂತು. ಪಾದ ಮುಳುಗುವಷ್ಟು ನೀರು, ನಡುವೆ ಐದಾರು ಕಲ್ಲು. ಹಾರಿ ದಾಟಿದರು. ಆಮೇಲೆ ಕಾಲುದಾರಿ ಎರಡಾಯಿತು, ಮುಂದೆ ಮೂರಾಯಿತು. ಹನ್ನೆರಡರ ಹೊತ್ತಿಗೆ ಅಬ್ಬಿಯೂ ಸಿಗದೆ, ಬಂದ ದಾರಿಯೂ ಗೊತ್ತಾಗದೆ ನಿಂತರು. ಹೇಗೋ ಸುತ್ತಿ ಬಳಸಿ ಮತ್ತೆ ಅದೇ ತೊರೆಗೆ ಬಂದಾಗ ಎರಡೂವರೆ. ಅಷ್ಟರಲ್ಲಿ ಒಂದೂವರೆ ಗಂಟೆ ಮಳೆ ಹೊಡೆದಿತ್ತು.

ಕಲ್ಲುಗಳು ಕಾಣಲಿಲ್ಲ. ಬೆಳಿಗ್ಗೆ ತಿಳಿಯಾಗಿದ್ದ ನೀರು ಕಾಫಿ ಬಣ್ಣಕ್ಕೆ ತಿರುಗಿ, ತರಗೆಲೆ, ಕಡ್ಡಿ, ನೊರೆ ಹೊತ್ತು ಸೊಂಟದ ಮಟ್ಟಕ್ಕೆ ಹರಿಯುತ್ತಿತ್ತು.

ಕಾಡಿನ ಚಿಕ್ಕ ತೊರೆಯ ಗುಣವೇ ಅದು. ಕಡಿದಾದ ಇಳಿಜಾರಿನಲ್ಲಿ ಬಿದ್ದ ಮಳೆ ಕ್ಷಣದಲ್ಲಿ ಓಡಿಬರುತ್ತದೆ. ಹಾಗೆಯೇ ಮಳೆ ನಿಂತ ಕೆಲವು ಗಂಟೆಗಳಲ್ಲಿ ಇಳಿದೂ ಹೋಗುತ್ತದೆ. ದಾಟಲೂ ಬಾರದು, ಅಲೆಯಲೂ ಬಾರದು. ದಡದಿಂದ ಮೇಲೆ ಸರಿದು ಸುಮ್ಮನೆ ಕೂರಬೇಕು. ಭದ್ರಾ ನಾಲೆಯ ಊರಿನ ಹುಡುಗರಿಗೆ ಇದು ತಿಳಿಯುವುದು ಹೇಗೆ? ನಾಲೆಯ ನೀರು ಗೇಟು ಎತ್ತಿದಾಗ ಬರುತ್ತದೆ, ಇಳಿಸಿದಾಗ ನಿಲ್ಲುತ್ತದೆ. ನಾಲೆಯ ದಂಡೆ ಹಿಡಿದು ಹೋದರೆ ಊರು ಸಿಕ್ಕೇ ಸಿಗುತ್ತದೆ. “ನೀರಿನ ಬೆನ್ನು ಹತ್ತಿ ಹೋಗಾಣ, ಮುಂದೆ ಎಲ್ಲಾದ್ರೂ ಹಳ್ಳಿ ಇರ್ತೈತಿ” ಎಂದ ಗೆಳೆಯ. ಬಯಲಿನಲ್ಲಿ ಅದು ಸರಿಯಾದ ಬುದ್ಧಿ. ಆದರೆ ಆ ತೊರೆ ಹರಿಯುತ್ತಿದ್ದುದು ಪಶ್ಚಿಮಕ್ಕೆ.

ದಡದ ಪೊದೆಗಳನ್ನು ಹಿಡಿಯುತ್ತ ಒಂದು ಗಂಟೆ ಇಳಿದರು. ಪಾಚಿ ಹಿಡಿದ ಬಂಡೆಯ ಮೇಲೆ ಅಣ್ಣ ಜಾರಿಬಿದ್ದ. ಬಲಗಾಲಿನ ಹರಡು ಉಳುಕಿ ನೋಡನೋಡುತ್ತಲೇ ಬಾತುಕೊಂಡಿತು. ಅವನನ್ನು ಹೆಗಲಿಗೆ ಆನಿಸಿಕೊಂಡು ಮತ್ತೆ ಮುಂದೆ ಹೊರಟರು. ಮಂಜು ಇಳಿದಿತ್ತು. ಮುಂದಿನ ಮರ ಕಾಣುತ್ತಿರಲಿಲ್ಲ. ನೀರಿನ ಸದ್ದು ಮಾತ್ರ ಹೆಚ್ಚುತ್ತ ಹೋಯಿತು.

ಮೊದಲು ನಿಂತವನು ಚಿಕ್ಕವನು.

“ಬ್ಯಾಡಣ್ಣ, ಮುಂದೆ ಹೋಗಾದು ಬ್ಯಾಡ.”

“ಯಾಕಲೇ?”

“ನೀರಿನ ಸದ್ದು ಮುಂದಿಲ್ಲ. ಕೆಳಗೈತಿ.”

ಗೆಳೆಯ ನಂಬಲಿಲ್ಲ. ಚಿಕ್ಕವನು ಒಂದು ಕೊಂಬೆ ಮುರಿದು ನೀರಿಗೆ ಎಸೆದ. ಕೊಂಬೆ ನಾಲ್ಕು ಮಾರು ತೇಲಿಹೋಯಿತು. ಆಮೇಲೆ ತಲೆ ಎತ್ತಿ ನಿಂತಂತೆ ಮಾಡಿ, ಇಲ್ಲವಾಯಿತು. ಅದೇ ಹೊತ್ತಿಗೆ ಗಾಳಿ ಬೀಸಿ ಮಂಜು ಒಂದು ಗಳಿಗೆ ಸರಿಯಿತು. ಅವರು ನಿಂತ ಬಂಡೆಯಿಂದ ಹತ್ತು ಹೆಜ್ಜೆಯ ಆಚೆ ನೆಲವೇ ಇರಲಿಲ್ಲ. ಬಹಳ ಕೆಳಗೆ, ಮರಗಳ ತಲೆಗಳು ಹುಲ್ಲಿನಂತೆ ಕಂಡವು.

ಮೂವರೂ ಮಾತಿಲ್ಲದೆ ಕುಳಿತರು. ಗೆಳೆಯ ಅತ್ತ. ಅವನು ಅತ್ತದ್ದನ್ನು ಇವತ್ತಿನ ವರೆಗೂ ಉಳಿದಿಬ್ಬರು ಹಾಸ್ಯ ಮಾಡಿಲ್ಲ.

ಆ ರಾತ್ರಿ

ಅಂಚಿನಿಂದ ತೆವಳುತ್ತ ಮೇಲೆ ಬಂದು, ದೊಡ್ಡ ಮರದ ಬೇರುಗಳ ಸಂದಿಯಲ್ಲಿ ಸೇರಿಕೊಂಡರು. ಐದೂವರೆಗೇ ಕತ್ತಲೆ. ಬೆಂಕಿಪೊಟ್ಟಣ ಹಿಂದಿನ ದಿನವೇ ತೊಯ್ದಿತ್ತು. ಟಾರ್ಚು ತಂದಿರಲಿಲ್ಲ, ಸಂಜೆಗೆ ಬರುವವರಿಗೆ ಟಾರ್ಚೇಕೆ? ಒದ್ದೆಯಾದ ಹತ್ತಿಯ ಅಂಗಿ ಮೈಗೆ ಅಂಟಿ ಚಳಿ ಎಲುಬಿಗೆ ಇಳಿಯಿತು. ಒದ್ದೆ ಹತ್ತಿ ಮೈಯ ಬಿಸಿಯನ್ನು ಹೀರಿ ಹೊರಗೆ ಚೆಲ್ಲುತ್ತದೆ. ಉಣ್ಣೆ ಹಾಗಲ್ಲ, ನೆನೆದರೂ ಒಂದಿಷ್ಟು ಗಾಳಿಯನ್ನು ತನ್ನೊಳಗೆ ಉಳಿಸಿಕೊಂಡು ಮೈಯನ್ನು ಬೆಚ್ಚಗಿಡುತ್ತದೆ. ಮಲೆನಾಡಿನ ರೈತ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಳ್ಳುವುದರ ಹಿಂದಿನ ವಿಜ್ಞಾನ ಅದು. ಹತ್ತಿಯ ಊರಿನ ಹುಡುಗರ ಬಳಿ ಕಂಬಳಿ ಇರಲಿಲ್ಲ. ಅಂಗಿ ಹಿಂಡಿ ಹಾಕಿಕೊಂಡು, ಅಣ್ಣನನ್ನು ನಡುವೆ ಕೂರಿಸಿ ಮೈಗೆ ಮೈ ಒತ್ತಿ ಕುಳಿತರು.

ಕೂಗಿ ನೋಡಿದರು. ಅಬ್ಬರಿಸುವ ನೀರಿನೆದುರು ಮನುಷ್ಯನ ಗಂಟಲು ಎಷ್ಟು ದೂರ ಹೋದೀತು? ಆಗ ಚಿಕ್ಕವನಿಗೆ ಊಟದ ಸ್ಟೀಲ್ ಡಬ್ಬಿ ನೆನಪಾಯಿತು. ಮುಚ್ಚಳವನ್ನು ಚಮಚದಿಂದ ಬಡಿಯತೊಡಗಿದ. ಮೂರು ಸಲ ಬಡಿಯುವುದು, ನಿಲ್ಲಿಸುವುದು, ಮತ್ತೆ ಮೂರು ಸಲ. ಸರದಿಯ ಮೇಲೆ ಮೂವರೂ ಬಡಿದರು.

ನಡುರಾತ್ರಿ ಎಚ್ಚರವಾದಾಗ ಎದುರಿನ ಕೊಳೆತ ದಿಮ್ಮಿಯ ಮೇಲೆ ತಣ್ಣನೆಯ ಹಸಿರು ಬೆಳಕು. ಗೆಳೆಯ ದೆವ್ವವೆಂದು ಕಣ್ಣು ಮುಚ್ಚಿಕೊಂಡ. ಮಳೆಗಾಡುಗಳಲ್ಲಿ ಕೊಳೆತ ಮರದ ಮೇಲೆ ಬೆಳೆಯುವ ಕೆಲವು ಜಾತಿಯ ಅಣಬೆಗಳು ಹೀಗೆ ಹೊಳೆಯುತ್ತವೆ. ಮಿಂಚುಹುಳದಂತೆಯೇ ಅದೂ ರಾಸಾಯನಿಕ ಕ್ರಿಯೆಯ ಬೆಳಕು, ಬಿಸಿಯಿಲ್ಲದ್ದು. ಚಿಕ್ಕವನಿಗೂ ಅದು ಏನೆಂದು ಗೊತ್ತಿರಲಿಲ್ಲ. ಆದರೆ ಅದು ಅಲುಗಾಡುತ್ತಿಲ್ಲ, ಹತ್ತಿರ ಬರುತ್ತಿಲ್ಲ ಎಂಬುದನ್ನು ಗಮನಿಸಿದ. ಅಷ್ಟು ಸಾಕಾಯಿತು. ಬೆಳಗಿನ ವರೆಗೆ ಅದನ್ನೇ ನೋಡುತ್ತ ಕುಳಿತ.

ಊರಿನಲ್ಲಿ ಆ ಹೊತ್ತಿಗೆ ಏನಾಗಿತ್ತು? ಏಳು ಗಂಟೆಗೆ ಮಾವ ನಾಲ್ಕು ಜನರನ್ನು ಕಟ್ಟಿಕೊಂಡು ಹೊರಟಿದ್ದರು. ಹೋದದ್ದು ಘಾಟಿ ರಸ್ತೆಗೆ! ಹುಡುಗರು ಹೇಳಿದ್ದು ಅಲ್ಲಿಯೇ ತಾನೆ? ಒಂದೊಂದು ತಿರುವಿನಲ್ಲೂ ಕೂಗುತ್ತ, ಟಾರ್ಚು ಬಿಡುತ್ತ ಸೋಮೇಶ್ವರದ ಕಡೆಗೆ ಇಳಿದರು. ಎರಡು ಗಂಟೆಗೂ ಹೆಚ್ಚು ಹೊತ್ತು ಇಲ್ಲದ ಜಾಗದಲ್ಲಿ ಹುಡುಕಿದರು. ಒಂಬತ್ತರ ಮೇಲೆ ಎಸ್‌ಟಿಡಿ ಬೂತಿನಿಂದ ಕೆ.ಬಿ. ಬಡಾವಣೆಯ ಅಂಗಡಿಯೊಂದಕ್ಕೆ ಫೋನು ಹೋಯಿತು. ಅಂಗಡಿಯವರು ಓಡಿಹೋಗಿ ಸುದ್ದಿ ಹೇಳಿದರು. ತಂದೆ ಉಟ್ಟ ಬಟ್ಟೆಯಲ್ಲೇ ರಾತ್ರಿ ಬಸ್ಸು ಹತ್ತಿದರು. ತಾಯಿ ಆ ರಾತ್ರಿ ಬಾಗಿಲ ಚಿಲಕ ಹಾಕಲಿಲ್ಲ.

ಮಾವನ ಕಡೆಯವರು ಹೋಟೆಲಿನವನನ್ನು ಎಬ್ಬಿಸಿ ಕೇಳಿದಾಗ ಹತ್ತೂವರೆ ದಾಟಿತ್ತು. “ಒನಕೆ ಅಬ್ಬಿ ದಾರಿ ಕೇಳಿದ್ರಪ್ಪ” ಎಂದ ಅವನು. ಆ ಹೊತ್ತಿನಲ್ಲಿ ಕಾಡಿಗೆ ಹೋಗುವಂತಿರಲಿಲ್ಲ. ಬೆಳಕು ಹರಿಯುವುದನ್ನೇ ಕಾಯುತ್ತ ಕುಳಿತರು.

ಬೆಳಗು

ಅವರಿಗಿಂತ ಮೊದಲು ಹುಡುಗರನ್ನು ಕಂಡವನು ಮೇಯಲು ಹೋಗಿ ತಪ್ಪಿಸಿಕೊಂಡ ದನವನ್ನು ಹುಡುಕಿ ಬಂದಿದ್ದ ಒಬ್ಬ ರೈತ. ಹೆಗಲಿಗೆ ಕಂಬಳಿ, ಸೊಂಟದಲ್ಲಿ ಕತ್ತಿ. ಡಬ್ಬಿಯ ಸದ್ದು ಹಿಡಿದು ಬಂದಿದ್ದ.

“ಈ ಕಾಡಲ್ಲಿ ಯಾವ ಸದ್ದು ಯಾವುದ್ದು ಅಂತ ನಂಗೆ ಗೊತ್ತು ಮಾರಾಯ್ರ. ಸ್ಟೀಲಿನ ಸದ್ದು ಮಾತ್ರ ಯಾವತ್ತೂ ಕೇಳಿರ್ಲಿಲ್ಲ” ಎಂದ. ಕಂಬಳಿ ತೆಗೆದು ಅಣ್ಣನಿಗೆ ಹೊದಿಸಿದ. ಬಂಡೆಯ ಕಡೆಗೊಮ್ಮೆ ನೋಡಿ ಅಲ್ಲಿಯ ವರೆಗೂ ಹೋಗಿದ್ರಾ ಎಂದು ಕೇಳಿದ. ಹುಡುಗರು ತಲೆಯಾಡಿಸಿದಾಗ ಮುಂದೆ ಏನೂ ಕೇಳಲಿಲ್ಲ.

ಹಿಂತಿರುಗುವಾಗ ಹಿಂದಿನ ದಿನ ದಾಟಲಾಗದೆ ನಿಂತಿದ್ದ ತೊರೆ ಬಂತು. ಪಾದ ಮುಳುಗುವಷ್ಟು ನೀರು. ಐದಾರು ಕಲ್ಲು. ಅಲ್ಲಿಯೇ ಮೂರ್ನಾಲ್ಕು ಗಂಟೆ ಸುಮ್ಮನೆ ಕುಳಿತಿದ್ದರೆ ಕತ್ತಲಾಗುವ ಹೊತ್ತಿಗೆ ಆಚೆ ದಡ ಮುಟ್ಟಬಹುದಿತ್ತು.

ಎಂಟರ ಹೊತ್ತಿಗೆ ತಂದೆ ಆಗುಂಬೆಯಲ್ಲಿ ಇಳಿದಾಗ ಮೂವರೂ ಅತ್ತೆಯ ಮನೆಯ ಒಲೆಯ ಮುಂದೆ ಕುಳಿತು ಕಷಾಯ ಕುಡಿಯುತ್ತಿದ್ದರು. ಹುಡುಗರು ಏಟಿಗೆ ಸಿದ್ಧರಾಗಿದ್ದರು. ತಂದೆ ಹೊಡೆಯಲಿಲ್ಲ. ಬಾಗಿಲಲ್ಲೇ ನಿಂತು ಒಂದು, ಎರಡು, ಮೂರು ಎಂದು ಎಣಿಸಿದರು. ಆಮೇಲೆ ಗೋಡೆಗೆ ಒರಗಿ ಕುಳಿತುಬಿಟ್ಟರು. ಬಹಳ ಹೊತ್ತಿನ ಮೇಲೆ ಕೇಳಿದರು:

“ಎಲ್ಲಿಗೆ ಅಂತ ಹೇಳಿ ಹೋಗಬಾರದಾಗಿತ್ತಾ?”

ಅಣ್ಣ ಬಾಯಿಬಿಡಲಿಲ್ಲ. ಚಿಕ್ಕವನು ಲೋಟ ಕೆಳಗಿಟ್ಟು ಹೇಳಿದ: “ಹೇಳಿದ್ರೆ ಬಿಡ್ತಿರಲಿಲ್ಲಲ್ಲ ಅಪ್ಪಾಜಿ.”

ಅದು ಎದುರುತ್ತರವಾಗಿರಲಿಲ್ಲ. ಇದ್ದ ಸಂಗತಿ. ತಂದೆ ಅದಕ್ಕೆ ಉತ್ತರ ಹುಡುಕುವವರಂತೆ ಒಲೆಯನ್ನು ನೋಡಿದರು. ಅತ್ತೆ ನಡುವೆ ಬಂದು, “ಬೈಯೋರ ಹತ್ರ ನಿಜ ಹೇಳೋದು ಕಷ್ಟವೇ. ಆದ್ರೆ ಕಾಡಿಗೆ ಹೋಗೋರು ಹೇಳೇ ಹೋಗ್ಬೇಕು. ಹುಡುಕೋಕೆ ಬರೋರಿಗೆ ದಿಕ್ಕಾದ್ರೂ ಗೊತ್ತಿರ್ಬೇಕಲ್ಲ” ಎಂದರು.

ಮರಳುವ ಬಸ್ಸಿನಲ್ಲಿ ಶಿವಮೊಗ್ಗದ ವರೆಗೆ ಯಾರೂ ಮಾತಾಡಲಿಲ್ಲ. ಹೊನ್ನಾಳಿಯ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ತಂದೆ ಕಿಟಕಿಯಿಂದ ತುಂಗಭದ್ರೆಯನ್ನು ತೋರಿಸಿ, “ಅಲ್ಲಿ ಬಿದ್ದ ಮಳೆಯೇ ಇಲ್ಲಿ ಹರಿಯಾದು” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿದರು: “ಇನ್ಮ್ಯಾಲೆ ಎಲ್ಲಿಗೆ ಹೋಗಬೇಕಂದ್ರೂ ಬಂದು ಹೇಳ್ರಿ. ನಾನೂ ಮೊದ್ಲು ಬ್ಯಾಡ ಅನ್ನಲ್ಲ. ಮೊದ್ಲು ಕೇಳ್ತೀನಿ.”

ಅಂದು ಸಂಜೆ ತಾಯಿ ಹಾಲಿನ ಲೆಕ್ಕದ ಕ್ಯಾಲೆಂಡರಿಗೆ ಒಂದು ಪೆನ್ಸಿಲನ್ನು ದಾರದಿಂದ ಕಟ್ಟಿದರು.

ಕ್ಯಾಲೆಂಡರಿನ ಸಾಲು

ಆ ತಂದೆ ಈಗಿಲ್ಲ. ತಾಯಿಯೇ ಇಂದಿನ ಅಜ್ಜಿ. ಚಿಕ್ಕವನಿಗೆ ಈಗ ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಈ ನಡುವೆ ಆಗುಂಬೆಯೂ ಲೋಕದ ಕಣ್ಣಿಗೆ ಬಿದ್ದಿದೆ. 2005ರಲ್ಲಿ ಉರಗತಜ್ಞ ರಾಮ್ಯುಲಸ್ ವಿಟೇಕರ್ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಆರಂಭಿಸಿದರು. ಕಾಳಿಂಗ ಸರ್ಪಗಳ ಅಧ್ಯಯನಕ್ಕೆ ಅದು ಹೆಸರಾಯಿತು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟಗಳನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿದಾಗ ಆಗುಂಬೆಯ ಮೀಸಲು ಅರಣ್ಯವೂ ಆ ಪಟ್ಟಿಯಲ್ಲಿತ್ತು.

ಜನವರಿಯಲ್ಲಿ ಮಗಳು ಗೆಳತಿಯರೊಡನೆ ಅಲ್ಲಿಗೇ ಹೊರಟಳು. ತಂದೆಯ ಎದೆ ಹೊಡೆದುಕೊಂಡಿತು. ‘ಬೇಡ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ನುಂಗಿಕೊಂಡು ಕೇಳತೊಡಗಿದ. ಅರಣ್ಯ ಇಲಾಖೆಯ ಅನುಮತಿ ಪಡೆದಿದ್ದೀರಾ? ದಾರಿ ಬಲ್ಲ ಸ್ಥಳೀಯರು ಜೊತೆಗಿದ್ದಾರಾ? ಸೀಟಿ, ಟಾರ್ಚು, ಉಣ್ಣೆಯ ಸ್ವೆಟರು? ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿದ್ದೀಯಾ? ಬೇಸಿಗೆ ಮುಗಿಯುವ ವರೆಗೆ ಮಲೆನಾಡಿನ ಕಾಡುಗಳಲ್ಲಿ ಉಣುಗಿನ ಕಾಟ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುತ್ತದೆ. ಆದ್ದರಿಂದ ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ, ಸತ್ತ ಮಂಗ ಕಂಡಲ್ಲಿ ನಿಲ್ಲದೆ ಇಲಾಖೆಗೆ ಸುದ್ದಿ. ಒಂದೊಂದಕ್ಕೂ ಅವಳ ಬಳಿ ಉತ್ತರವಿತ್ತು. ಉತ್ತರವಿಲ್ಲದ ಎರಡಕ್ಕೆ ಅವಳು ಫೋನು ಮಾಡಿ ಕೇಳಿ ಬಂದಳು.

“ಫೋನಿನಲ್ಲಿ ನಾನೆಲ್ಲಿದ್ದೀನಿ ಅಂತ ನಿಮಗೆ ಕಾಣಿಸ್ತಾ ಇರುತ್ತೆ ಅಪ್ಪ” ಎಂದಳು. ಮಳೆಕಾಡಿನ ಮರಗಳ ಕೆಳಗೆ, ಕಣಿವೆಯ ಮರೆಯಲ್ಲಿ ಎಲ್ಲ ಕಡೆ ಸಿಗ್ನಲ್ ಸಿಗುವುದಿಲ್ಲ ಎಂದು ಅವನು ಹೇಳುವ ಮೊದಲೇ ಅಜ್ಜಿ ಪೆನ್ಸಿಲು ತಂದು ಅವಳ ಕೈಗಿತ್ತರು. ಹುಡುಗಿ ಬರೆದಳು: ‘ಆಗುಂಬೆ. ಶನಿವಾರ ಒನಕೆ ಅಬ್ಬಿ. ಭಾನುವಾರ ಕುಂದಾದ್ರಿ. ರಾತ್ರಿ 9ಕ್ಕೆ ಮ‌ನೆ.’

ಊರಿನಿಂದ ಹೊರಡುವವರು ‘ಹೋಗ್ತೀನಿ’ ಅನ್ನಬಾರದು, ‘ಹೋಗಿ ಬರ್ತೀನಿ’ ಅನ್ನಬೇಕೆಂದು ಹಿರಿಯರು ಕಲಿಸುತ್ತಾರೆ. ಆ ಮಾತಿನಲ್ಲಿ ಎಲ್ಲಿಗೆ ಎಂಬುದೂ ಇರಬೇಕೆಂದು ಆ ಮನೆಯವರು ಸೇರಿಸಿಕೊಂಡಿದ್ದಾರೆ, ಅಷ್ಟೆ.

ಭಾನುವಾರ ರಾತ್ರಿ ಒಂಬತ್ತಾಯಿತು, ಒಂಬತ್ತೂ ಕಾಲಾಯಿತು. ತಂದೆ ಗೇಟಿನ ಬಳಿ ಹೋಗಿ ನಿಂತ. ಒಂಬತ್ತೂವರೆಗೆ ಆಟೋ ಬಂತು. ಬೆನ್ನುಚೀಲ ಇಳಿಸುವ ಮೊದಲೇ ಹುಡುಗಿ ಕಥೆ ಶುರುಮಾಡಿದಳು: ರೊಟ್ಟಿ ಮೆತ್ತಗಾಗಿತ್ತಂತೆ, ಬಸ್ಸು ಕೆಟ್ಟಿತ್ತಂತೆ. ಅಜ್ಜಿ ಒಳಗೆ ಹೋಗಿ ಕನ್ನಡಕ ಏರಿಸಿಕೊಂಡು, ಅರ್ಧ ಲೀಟರ್ ಹಾಲಿನ ಪಕ್ಕದಲ್ಲಿದ್ದ ಆ ಸಾಲಿನ ಮೇಲೆ ನಿಧಾನವಾಗಿ ಗೆರೆ ಎಳೆದರು.